ರುದ್ರಮ್ಮನ ಕೇರಿಯ ಸೋಮವಾರ

ನಮ್ಮ ಊರಿನಲ್ಲಿ ಬೆಳಗು ಮಾಡುವುದು ಪುರಸಭೆಯ ಕೆಲಸ. ಹೊರಗಿನ ಊರುಗಳಲ್ಲಿ ದಿನ ತಾನಾಗಿಯೇ ಬರುತ್ತದಂತೆ, ನಮಗೆ ಆ ಸೌಭಾಗ್ಯವಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ನಮ್ಮ ಪ್ರತಿ ಬೀದಿಯಲ್ಲೂ ಮಂಡಿಯುದ್ದ ಮಂಜು ಕಂಬಳಿಯ ಹಾಗೆ ಹಾಸಿಕೊಂಡು ಬಿದ್ದಿರುತ್ತದೆ. ಅದನ್ನು ಚಾಪೆ ಸುತ್ತಿದಂತೆ ಸುತ್ತಿ, ಕೈಗಾಡಿಗೆ ಹೇರಿ, ಊರಾಚೆಯ ಹಳ್ಳಕ್ಕೆ ಸುರಿದು ಬಂದರೆ ಆ ಬೀದಿಗೆ ಹೊಸ ದಿನ ಬಂದ ಹಾಗೆ. ಸುತ್ತದಿದ್ದರೆ ನಿನ್ನೆಯೇ ಮುಂದುವರಿಯುತ್ತದೆ. ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಹಸಿವಾಗುತ್ತದೆ, ನಿದ್ದೆ ಬರುತ್ತದೆ, ತಾರೀಕು ಮಾತ್ರ ಕದಲುವುದಿಲ್ಲ. ಮುಂದೆ ಎಂದಾದರೂ ಸುತ್ತಿದಾಗ ಉಳಿದ ಊರು ಯಾವ ತಾರೀಕಿನಲ್ಲಿದೆಯೋ ಅಲ್ಲಿಗೆ ಒಂದೇ ನೆಗೆತಕ್ಕೆ ಹೋಗಿ ನಿಲ್ಲುತ್ತದೆ.

ಹಾಗಾಗಿ ನಮ್ಮಲ್ಲಿ ಯಾರ ತಾರೀಕು ಯಾವುದು ಎಂಬುದಕ್ಕೆ ಒಂದೇ ನಿಯಮ. ನಿಮ್ಮ ಮನೆಯ ಹೊಸ್ತಿಲ ಮುಂದೆ ಯಾವ ದಿನವೋ ನಿಮಗೂ ಅದೇ ದಿನ. ನೀವು ಊರೆಲ್ಲ ಸುತ್ತಾಡಿ ಬನ್ನಿ, ವಯಸ್ಸಾಗುವುದು ಮಾತ್ರ ಹೊಸ್ತಿಲ ತಾರೀಕಿನ ಪ್ರಕಾರ. ಇದನ್ನು ಬರೆದಿಡುವ ದಿನದ ಪುಸ್ತಕ ಮೂವತ್ತಮೂರು ವರ್ಷ ನನ್ನ ಮೇಜಿನ ಮೇಲಿತ್ತು. ನಾನು ಪುರಸಭೆಯ ಸಿಬ್ಬಂದಿ ಶಾಖೆಯ ಗುಮಾಸ್ತ. ಬೆಳಿಗ್ಗೆ ಮಂಜುಗಾರರು ಒಬ್ಬೊಬ್ಬರೇ ಬಂದು ತಾವು ಸುತ್ತಿದ ಬೀದಿಯ ಹೆಸರು ಹೇಳುತ್ತಿದ್ದರು, ನಾನು ಗೀಟು ಹಾಕುತ್ತಿದ್ದೆ. ಊರಿಗೆ ಇವತ್ತನ್ನು ಕೊಡುವವನು ನಾನೇ ಎಂಬ ಜಂಬ ನನಗೆ ಸ್ವಲ್ಪ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಆಗ ನಮ್ಮಲ್ಲಿ ಮೂವತ್ತೆರಡು ಜನ ಖಾಯಂ ಮಂಜುಗಾರರಿದ್ದರು. ಅವರಲ್ಲಿ ಒಬ್ಬಳು ರುದ್ರಮ್ಮನ ತಾಯಿ. ಮಂಜನ್ನು ಇಳಿಜಾರಿನ ತುದಿಯಿಂದ ಹಿಡಿಯಬೇಕು, ಒದ್ದೆ ಗೋಣಿತಾಟು ಕೊಟ್ಟು ಎತ್ತಬೇಕು, ಮಂಡಿಯಿಂದ ಒತ್ತುತ್ತಾ ಸುತ್ತಬೇಕು, ಎಲ್ಲೂ ಹರಿಯಬಾರದು. ಇದನ್ನೆಲ್ಲ ಆ ತಾಯಿ ಮಗಳಿಗೆ ಕಲಿಸಿದ್ದಳು. ತಾಯಿ ನಿವೃತ್ತಳಾದ ವರ್ಷ ಪುರಸಭೆ ಆರು ಹುದ್ದೆಗೆ ಜಾಹೀರಾತು ಕೊಟ್ಟಿತು. ಪರೀಕ್ಷೆಗೆ ನೂರಾರು ಜನ ಬಂದು ಮಂಜು ಹರಿದು ಹಾಕಿ ಹೋದರು. ಕೊನೆಗೆ ಆಯ್ಕೆ ಪಟ್ಟಿ ಬಂದಾಗ ರುದ್ರಮ್ಮನ ಹೆಸರು ಮೂರನೆಯದು. ಅವಳಿಗೆ ಆಗ ಇಪ್ಪತ್ತೊಂಬತ್ತು ಇರಬೇಕು. ಆದೇಶವನ್ನು ಟೈಪು ಮಾಡಿ ಸಹಿಗೆ ಇಟ್ಟಿದ್ದೆ. ಅದೇ ವಾರ ಮೇಲಿನಿಂದ ಸುತ್ತೋಲೆ ಬಂತು. ಮಿತವ್ಯಯದ ದೃಷ್ಟಿಯಿಂದ ಮುಂದಿನ ಆದೇಶದವರೆಗೆ ಯಾವ ಹುದ್ದೆಯನ್ನೂ ತುಂಬತಕ್ಕದ್ದಲ್ಲ.

ರುದ್ರಮ್ಮ ಮಾರನೆಯ ದಿನ ಹೊಸ ಸೀರೆ ಉಟ್ಟುಕೊಂಡು ಆದೇಶ ತೆಗೆದುಕೊಳ್ಳಲು ಬಂದಳು. ಸುತ್ತೋಲೆಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ಬಾ ಎಂದೆ. ನಾಳೆ ಬಂದಳು. ಮತ್ತೆ ನಾಳೆ ಬಾ ಎಂದೆ. ಮೂರನೆಯ ಸಲ ಅವಳಿಗೇ ಅರ್ಥವಾಯಿತು, ಆದರೂ ಬರುವುದನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಪ್ಲಾಸ್ಟಿಕ್ ಕವರಿನಲ್ಲಿ ಆಯ್ಕೆ ಪತ್ರ ಹಿಡಿದುಕೊಂಡು ಬಾಗಿಲ ಬಳಿ ನಿಲ್ಲುವಳು, ನಾನು ಪುಸ್ತಕದಿಂದ ತಲೆ ಎತ್ತದೆ ನಾಳೆ ಬಾ ಎನ್ನುವೆ. ಹೀಗೆ ಹನ್ನೊಂದು ವರ್ಷ. ಒಮ್ಮೆಯೂ ಅವಳು ನನಗೆ ಎದುರು ಮಾತನಾಡಲಿಲ್ಲ. ಒಮ್ಮೆ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಇತ್ತ ಮಂಜುಗಾರರು ಒಬ್ಬೊಬ್ಬರಾಗಿ ನಿವೃತ್ತರಾದರು. ಮೂವತ್ತೆರಡು ಇಪ್ಪತ್ತಾಯಿತು, ಇಪ್ಪತ್ತು ಒಂಬತ್ತಾಯಿತು. ಒಂಬತ್ತು ಜನ ಎಷ್ಟು ಬೀದಿ ಸುತ್ತಿಯಾರು? ಬಸ್ ಸ್ಟ್ಯಾಂಡಿನ ಕಡೆ ಬುಧವಾರವಾದರೆ ನೇಕಾರರ ಬೀದಿಯಲ್ಲಿ ಇನ್ನೂ ಸೋಮವಾರ. ಜನ ಮೊದಲು ಗೊಣಗಿದರು, ಆಮೇಲೆ ಹೊಂದಿಕೊಂಡರು. ವಿಳಾಸ ಕೇಳಿದರೆ ಬಾವಿ ದಾಟಿ ಬಲಕ್ಕೆ ತಿರುಗಿ, ಶುಕ್ರವಾರದಲ್ಲಿ ಮೂರನೇ ಮನೆ ಎನ್ನುವರು. ಮಂಗಳವಾರ ಕ್ಷೌರ ಮಾಡದ ನಮ್ಮ ಕ್ಷೌರಿಕ ಪೆಟ್ಟಿಗೆ ಹೊತ್ತು ಮಂಗಳವಾರ ಇಲ್ಲದ ಬೀದಿ ಹುಡುಕಿಕೊಂಡು ಹೋಗುವನು. ಒಬ್ಬ ಮೇಷ್ಟ್ರು ಯುಗಾದಿಯ ಹೋಳಿಗೆಯನ್ನು ತಮ್ಮ ಮನೆಯಲ್ಲೊಮ್ಮೆ ತಿಂದು, ಮೂರು ದಿನ ಬಿಟ್ಟು, ಇನ್ನೂ ಯುಗಾದಿಯಲ್ಲೇ ನಿಂತಿದ್ದ ಮಾವನ ಬೀದಿಗೆ ಹೋಗಿ ಅಲ್ಲಿಯೂ ತಿಂದು ಬಂದರು. ಆದರೆ ಸುತ್ತದ ಬೀದಿಯಲ್ಲಿ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಮಕ್ಕಳಿಗೆ ನೆಗಡಿ ಬಿಡುವುದಿಲ್ಲ. ಅರ್ಜಿಗಳು ಬಂದವು. ನಾನು ಮೇಲಕ್ಕೆ ಬರೆದೆ. ಮೇಲಿನವರು ಯೋಚಿಸಿ, ಹುದ್ದೆ ತುಂಬಬೇಡಿ, ಕೆಲಸವನ್ನು ಹೊರಗುತ್ತಿಗೆಗೆ ಕೊಡಿ ಎಂದರು.

ಹೊರಗುತ್ತಿಗೆ ಹಿಡಿದವನು ಪರಮೇಶಿ. ನಗುಮುಖದ ಮನುಷ್ಯ, ಯಾರನ್ನು ಕಂಡರೂ ಎರಡು ಕೈ ಹಿಡಿದು ಕುಲುಕುತ್ತಿದ್ದ. ಒಂದು ಬೀದಿಗೆ ಒಂದು ದಿನ ತರಲು ಖಾಯಂ ಮಂಜುಗಾರನಿಗೆ ಎಷ್ಟು ಬೀಳುತ್ತಿತ್ತೋ ಅದರ ಮೂರು ಪಟ್ಟು ಅವನ ದರ. ಕೆಲಸದವರನ್ನು ಎಲ್ಲಿಂದ ತಂದ ಅಂತೀರಿ? ನನ್ನ ಆಯ್ಕೆ ಪಟ್ಟಿಯಿಂದಲೇ. ಖಾಯಂ ಸಂಬಳದ ಮೂರನೇ ಒಂದು ಭಾಗಕ್ಕೆ ರುದ್ರಮ್ಮ ಅವನ ಹಳದಿ ಅಂಗಿ ತೊಟ್ಟು ಅದೇ ಮಂಜನ್ನು ಸುತ್ತಲು ನಿಂತಳು. ಪಟ್ಟಿಯಲ್ಲಿದ್ದ ಉಳಿದ ಐವರು ಒಂದೆರಡು ವರ್ಷದಲ್ಲಿ ಬೇಸತ್ತು ಬೇರೆ ಕಸುಬು ಹಿಡಿದರು. ಅವರ ಜಾಗಕ್ಕೆ ಪರಮೇಶಿ ಯಾರನ್ನು ಕಂಡರೆ ಅವರನ್ನು ಕರೆತಂದ. ಅವರು ಮೇಲು ಮೇಲಿನ ಮಂಜು ಎಳೆದು, ಮೂಲೆಯಲ್ಲಿ ಉಳಿದದ್ದನ್ನು ಹಾಗೇ ಬಿಟ್ಟು ಹೋಗುವರು. ಮನೆಯ ಜಗಲಿಯಲ್ಲಿ ಗುರುವಾರ, ಹಿತ್ತಲಲ್ಲಿ ಬುಧವಾರ ಎಂಬ ದೂರುಗಳು ಆಗ ಶುರುವಾದವು. ಅದನ್ನು ಸರಿಪಡಿಸಲು ರುದ್ರಮ್ಮನನ್ನು ಕಳಿಸುತ್ತಿದ್ದ, ಸರಿಪಡಿಸಿದ್ದಕ್ಕೆ ಮತ್ತೊಂದು ಬಿಲ್ಲು ಹಾಕುತ್ತಿದ್ದ. ಇದು ದುಬಾರಿಯಾಗುತ್ತಿದೆ ಎಂದು ನಾನು ಮೂರು ಸಲ ಟಿಪ್ಪಣಿ ಬರೆದೆ. ಮೂರು ಸಲವೂ ಉಳಿತಾಯದ ಹಿತದೃಷ್ಟಿಯಿಂದ ಹೀಗೇ ಮುಂದುವರಿಸಿ ಎಂದು ಉತ್ತರ ಬಂತು. ಅವರಿಗೆ ಉಳಿತಾಯವೆಂದರೆ ಖಾಲಿ ಕುರ್ಚಿ. ಕುರ್ಚಿ ಖಾಲಿ ಇದ್ದರೆ ಸಾಕು, ಉಳಿದದ್ದು ಎಷ್ಟಾದರೂ ಆಗಲಿ.

ಹೀಗಿರುವಾಗ ಒಂದು ಸೋಮವಾರ ರುದ್ರಮ್ಮನ ಕಡತ ಕೈಗೆ ಬಂತು. ತೆಗೆದು ನೋಡಿದರೆ ಮಾರನೆಯ ದಿನಕ್ಕೆ ಅವಳಿಗೆ ನಲವತ್ತು ತುಂಬುತ್ತದೆ. ನೇಮಕವಾಗುವ ದಿನ ನಲವತ್ತು ತುಂಬಿರಬಾರದು ಎಂಬುದು ನಿಯಮ. ತುಂಬಿದರೆ ಹೆಸರನ್ನು ಪಟ್ಟಿಯಿಂದ ಕೆಂಪು ಶಾಯಿಯಲ್ಲಿ ಹೊಡೆದು ಹಾಕಬೇಕು, ಹಾಗೆ ಹೊಡೆದು ಹಾಕಬೇಕಾದವನು ನಾನು. ಅಂದು ಅವಳು ಬಾಗಿಲ ಬಳಿ ನಿಂತಾಗ ನಾಳೆ ಬಾ ಎನ್ನಲು ನಾಲಿಗೆ ಹೊರಳಲಿಲ್ಲ. ಒಳಗೆ ಕರೆದು, ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಕವರಿನ ಅಂಚನ್ನು ನೀಟಾಗಿ ಮಡಚಿದಳು. ಆಮೇಲೆ ಕೇಳಿದಳು, "ಸಾರ್, ನಮ್ ಕೇರಿ ಮಂಜು ಸುತ್ತೋಳು ನಾನೇ ಅಲ್ವಾ?"

ಹೌದು ಎಂದೆ.

"ಸರಿ ಬುಡಿ," ಎಂದು ಎದ್ದು ಹೋದಳು.

ಮಾರನೆಯ ದಿನ ಅವಳು ಮಾರ್ಕೆಟ್ ರಸ್ತೆ ಸುತ್ತಿದಳು, ಆಸ್ಪತ್ರೆ ರಸ್ತೆ ಸುತ್ತಿದಳು, ಪುರಸಭೆಯ ಮುಂದೆ ಒಂದು ಚೂರು ಬಿಡದಂತೆ ಸುತ್ತಿದಳು. ತನ್ನ ಕೇರಿಯನ್ನು ಮಾತ್ರ ಮುಟ್ಟಲಿಲ್ಲ. ಊರಿಗೆಲ್ಲ ಮಂಗಳವಾರ ಬಂತು, ರುದ್ರಮ್ಮನ ಕೇರಿಯಲ್ಲಿ ಸೋಮವಾರ ಉಳಿಯಿತು. ನಾನು ದಿನದ ಪುಸ್ತಕದಲ್ಲಿ ಆ ಕೇರಿಯ ಮುಂದೆ ಗೀಟು ಹಾಕದೆ ಜಾಗ ಖಾಲಿ ಬಿಟ್ಟೆ. ಪರಮೇಶಿಯ ಬಿಲ್ಲಿನಲ್ಲಿ ಮಾತ್ರ ಆ ಕೇರಿ ದಿನವೂ ಸುತ್ತಿದಂತೆ ಬರೆದಿರುತ್ತಿತ್ತು. ಸುತ್ತಲಿ ಬಿಡಲಿ, ಎಲ್ಲ ಬೀದಿಯ ಹೆಸರನ್ನೂ ಬರೆಯುವುದು ಅವನ ಅಭ್ಯಾಸ.

ಆ ಕೇರಿಯಲ್ಲಿ ಹದಿನಾಲ್ಕು ಮನೆ. ಎಲ್ಲರಿಗೂ ವಿಷಯ ಗೊತ್ತಾಯಿತು, ಯಾರೂ ಬಾಯಿ ಬಿಡಲಿಲ್ಲ. ಒದ್ದೆ ಬಟ್ಟೆಯನ್ನು ಪಕ್ಕದ ಬೀದಿಗೆ ಹೊತ್ತು ಒಣಗಿಸಿಕೊಂಡರು. ಗೌರಜ್ಜಿ ಎಂಬ ಮುದುಕಿ ಸೋಮವಾರ ಒಪ್ಪತ್ತು ಮಾಡುವವಳು, ಅವಳಿಗೆ ದಿನವೂ ಒಪ್ಪತ್ತಾಯಿತು. ಮೈ ಹಗುರಾಗಿದೆ, ಮೊಣಕಾಲು ನೋವು ಹೋಗಿದೆ ಎಂದು ಅಜ್ಜಿ ಖುಷಿಯಾಗಿಯೇ ಇದ್ದಳು. ಕಷ್ಟವಾದದ್ದು ಕರಿಯಣ್ಣನಿಗೆ. ರುದ್ರಮ್ಮನ ಎದುರು ಮನೆಯ ಈ ಗಾರೆ ಕೆಲಸದ ಕರಿಯಣ್ಣ ಬಾಡೂಟಕ್ಕೆ ಊರಿನಲ್ಲೇ ಹೆಸರಾದವನು, ಆದರೆ ಮನೆದೇವರ ಹರಕೆಯಿಂದ ಸೋಮವಾರ ಮಾತ್ರ ಮಾಂಸ ಮುಟ್ಟುವುದಿಲ್ಲ. ಭಾನುವಾರದ ಸಂತೆಯಲ್ಲಿ ಮಂಗಳವಾರಕ್ಕೆಂದು ಒಂದು ಹುಂಜ ತಂದು ಹಿತ್ತಲಲ್ಲಿ ಕಟ್ಟಿದ್ದ. ಮಂಗಳವಾರ ಬರಲಿಲ್ಲ. ಬೇರೆ ಬೀದಿಗೆ ಹೋಗಿ ತಿನ್ನೋಣವೆಂದರೆ ಅವನ ಹೊಸ್ತಿಲು ಸೋಮವಾರದಲ್ಲಿದೆ, ದೇವರು ಹೊಸ್ತಿಲನ್ನೇ ನೋಡುತ್ತಾನೆ.

ಒಂದು ವಾರ ಸೊಪ್ಪಿನ ಸಾರು ತಿಂದ. ಎರಡು ವಾರ ಕಾಳು ತಿಂದ. ಇಪ್ಪತ್ತೆರಡನೆಯ ದಿನ ಅವನ ತಾಳ್ಮೆ ಕೆಟ್ಟಿತು. ಹುಂಜ ಕೂಗಿದ್ದೇ ನೆಪವಾಗಿ ಎದ್ದು ಬಂದು, ಕೇರಿಯ ಬಾಯಲ್ಲಿ ಮಂಜಿನ ತುದಿಯನ್ನು ಎರಡು ಕೈಯಲ್ಲಿ ಹಿಡಿದು, ತಾನೇ ಸುತ್ತಿಬಿಡುತ್ತೇನೆ ಎಂದು ಕೂಗಾಡಿದನಂತೆ. ರುದ್ರಮ್ಮ ಬೇಡವೆನ್ನಲಿಲ್ಲವಂತೆ. ಅವನ ಮುಂದೆ ಒದ್ದೆ ಗೋಣಿತಾಟು ಇಟ್ಟು, ಸುತ್ತುವುದಾದರೆ ಹರಿಯದ ಹಾಗೆ ಸುತ್ತು ಕರಿಯಣ್ಣ, ಹರಿದರೆ ಹಿತ್ತಲಲ್ಲಿ ನಿನ್ನೆ ಉಳಿದುಕೊಳ್ಳುತ್ತದೆ ಎಂದಳಂತೆ. ಅವನು ತುದಿಯನ್ನು ಬಿಸಾಡಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದ.

ಅಷ್ಟರಲ್ಲಿ ಮೇಲಿನವರು ಹೊರಗುತ್ತಿಗೆಯ ಬಿಲ್ಲುಗಳನ್ನೆಲ್ಲ ಒಂದೆಡೆ ಕೂಡಿಸಿ ನೋಡಿದರು. ಕೂಡಿಸಬೇಕೆಂದು ಅವರಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಆ ದುಡ್ಡಿನಲ್ಲಿ ಮೂವತ್ತೆರಡು ಜನರಿಗೆ ಖಾಯಂ ಸಂಬಳ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಕಂಬಳಿಯನ್ನೂ ಹೊದಿಸಬಹುದಿತ್ತು. ಬೆಚ್ಚಿಬಿದ್ದವರೇ ಪತ್ರ ಕಳಿಸಿದರು. ಪ್ರಾಯೋಗಿಕವಾಗಿ ಒಂದು ಹುದ್ದೆಗೆ ತಡೆ ಸಡಿಲಿಸಲಾಗಿದೆ. ಹಳೆಯ ಪಟ್ಟಿಯಲ್ಲಿ ವಯೋಮಿತಿಯೊಳಗೆ ಯಾರಾದರೂ ಉಳಿದಿದ್ದರೆ ನೇಮಿಸುವುದು, ಇಲ್ಲವಾದರೆ ಆ ಹುದ್ದೆಯನ್ನೂ ರದ್ದು ಮಾಡಿ ಗುತ್ತಿಗೆಗೇ ಸೇರಿಸುವುದು. ಪರಿಶೀಲಿಸಲು ಅಧಿಕಾರಿಯೊಬ್ಬರು ಖುದ್ದಾಗಿ ಬರುತ್ತಾರೆ.

ಪಟ್ಟಿಯಲ್ಲಿ ಉಳಿದ ಐವರಿಗೂ ನಲವತ್ತು ದಾಟಿತ್ತು. ಇದ್ದವಳು ರುದ್ರಮ್ಮ ಒಬ್ಬಳೇ, ಅದೂ ಕೇರಿಯಲ್ಲಿ ಸೋಮವಾರ ಇರುವ ತನಕ. ಪರಮೇಶಿಗೂ ಸುದ್ದಿ ಮುಟ್ಟಿತು. ಅವನಿಗೆ ಬೇರೆಯದೇ ಚಿಂತೆ. ಅಧಿಕಾರಿ ಬಂದು ಆ ಕೇರಿಯಲ್ಲಿ ಹಳೆಯ ಸೋಮವಾರ ಕಂಡರೆ, ಇಷ್ಟು ದಿನ ಅದನ್ನು ಸುತ್ತಿದೆನೆಂದು ಅವನು ಕೊಟ್ಟ ಬಿಲ್ಲು ಸುಳ್ಳೆಂದು ಗೊತ್ತಾಗುತ್ತದೆ. ಅಧಿಕಾರಿ ಬರುವ ಮೊದಲೇ ಆ ಸೋಮವಾರವನ್ನು ಸುತ್ತಿ ಹಳ್ಳಕ್ಕೆ ಸುರಿಯದೆ ಅವನಿಗೆ ಗತಿಯಿರಲಿಲ್ಲ.

ಅಧಿಕಾರಿ ಬರುವ ಬೆಳಿಗ್ಗೆ ನಾನು ಮನೆಯಲ್ಲಿ ನಿಲ್ಲಲಾಗದೆ ಆ ಕೇರಿಯ ಕಡೆ ಹೋದೆ. ಹೆದರಿದಂತೆಯೇ ಆಗಿತ್ತು. ಕೇರಿಯ ಬಾಯಲ್ಲಿ ಐದು ಹಳದಿ ಅಂಗಿಗಳು ಕೈಗಾಡಿ ಹಿಡಿದು ನಿಂತಿದ್ದವು, ಪರಮೇಶಿ ಹಿಂದೆ ನಿಂತು ಬೇಗ ಬೇಗ ಎನ್ನುತ್ತಿದ್ದ. ರುದ್ರಮ್ಮನನ್ನು ಬೇಕೆಂದೇ ದೂರದ ಮಾರ್ಕೆಟ್ ರಸ್ತೆಗೆ ಹಾಕಿದ್ದ. ನಾನೊಬ್ಬ ಗುಮಾಸ್ತ, ನನ್ನ ಕೈಯಲ್ಲಿ ಪುಸ್ತಕ ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಕರಿಯಣ್ಣನ ಮನೆಯ ಬಾಗಿಲು ತೆರೆಯಿತು. ಅವನು ಲುಂಗಿ ಎತ್ತಿ ಕಟ್ಟಿಕೊಂಡು ಬರುವುದನ್ನು ಕಂಡು, ಮುಗಿಯಿತು, ಇವನೂ ಸುತ್ತಲು ಕೈ ಹಾಕುತ್ತಾನೆ ಎಂದುಕೊಂಡೆ. ಪರಮೇಶಿಯೂ ಹಾಗೇ ತಿಳಿದು ನಕ್ಕು ಕೈ ಚಾಚಿದ.

ಕರಿಯಣ್ಣ ನೇರವಾಗಿ ಬಂದು ಮಂಜಿನ ತುದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಮನುಷ್ಯ ಕುಳಿತ ಮಂಜನ್ನು ಸುತ್ತಲಾಗುವುದಿಲ್ಲ, ಇದು ನಮ್ಮೂರಿನ ಮಕ್ಕಳಿಗೂ ಗೊತ್ತು.

"ನಲವತ್ತೆರಡು ಸೋಮವಾರ ಸೊಪ್ಪು ತಿಂದಿದೀನಿ ಪರಮೇಶಣ್ಣ," ಎಂದ. "ಅದೆಲ್ಲ ಸುಮ್ನೆ ಹೋಗ್ಬೇಕಾ? ಸುತ್ತೋದಾದ್ರೆ ನನ್ನೂ ಸೇರಿಸ್ಕಂಡು ಸುತ್ತು."

ಗೌರಜ್ಜಿ ಬಂದು ಅವನ ಪಕ್ಕದಲ್ಲಿ ಕುಳಿತಳು. ಆಮೇಲೆ ಒಂದೊಂದೇ ಮನೆಯ ಬಾಗಿಲು ತೆರೆದು, ಹದಿನಾಲ್ಕು ಮನೆಯವರೂ ಮಣೆ, ಚಾಪೆ, ಸ್ಟೂಲು ಹಾಕಿಕೊಂಡು ಕೇರಿಯ ಉದ್ದಕ್ಕೂ ಮಂಜಿನ ಮೇಲೆ ಕುಳಿತುಬಿಟ್ಟರು. ಯಾರೋ ಕಾಫಿ ಹಂಚಿದರು. ಹಳದಿ ಅಂಗಿಯವರಿಗೂ ಕೊಟ್ಟರು, ಅವರು ಗಾಡಿ ಬಿಟ್ಟು ಕುಡಿದರು. ನನಗೆ ಕಣ್ಣು ತುಂಬಿ ಬಂತು, ಮಂಜು ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಅಧಿಕಾರಿ ಬಂದಾಗ ನೋಡಿದ್ದು ಇದನ್ನು. ಮಂಕಿ ಟೋಪಿ ಹಾಕಿಕೊಂಡ, ಸದಾ ಮೂಗು ಒರೆಸಿಕೊಳ್ಳುವ, ಆದರೆ ಕೆಟ್ಟವರಲ್ಲದ ಮನುಷ್ಯ. ಇಲ್ಲಿ ಯಾವ ವಾರ ಎಂದು ಕೇಳಿದರು. ಸೋಮವಾರ ಎಂದು ಎಲ್ಲರೂ ಒಟ್ಟಿಗೆ ಹೇಳಿದೆವು. ಅವರು ಕೈಗಡಿಯಾರ ನೋಡಿಕೊಂಡು, ಎಲ್ಲ ಕಡೆಯೂ ಸೋಮವಾರವೇ ಅಲ್ಲವೇ ಎಂದರು. ನಲವತ್ತೆರಡು ದಿನವೆಂದರೆ ಸರಿಯಾಗಿ ಆರು ವಾರ. ದಿನವೂ ತಾರೀಕು ಬರೆಯುವ ನನಗೇ ಅದು ತಲೆಗೆ ಬಂದಿರಲಿಲ್ಲ, ಹೊರಗೂ ಆವತ್ತು ಸೋಮವಾರ. ಪರಮೇಶಿಯ ಮುಖ ಅರಳಿತು. ನೋಡಿ ಸಾರ್, ಕೇರಿ ಸರಿಯಾಗೇ ನಡೀತಿದೆ, ಬೆಳಿಗ್ಗೆನೇ ಸುತ್ತಿ ಸೋಮವಾರ ತಂದಿದ್ದೀವಿ, ಇದು ಆಮೇಲೆ ಮತ್ತೆ ಬಿದ್ದ ಮಂಜು ಅಷ್ಟೆ ಎಂದ. ನಾನು ಪುಸ್ತಕದ ಖಾಲಿ ಜಾಗ ತೋರಿಸಿದೆ. ಗುಮಾಸ್ತರು ಗೀಟು ಹಾಕಲು ಮರೆತಿದ್ದಾರೆ ಎಂದ. ಅಧಿಕಾರಿ ಒಮ್ಮೆ ಪುಸ್ತಕ, ಒಮ್ಮೆ ಬಿಲ್ಲು ನೋಡುತ್ತಾ ನಿಂತರು. ಅಷ್ಟರಲ್ಲಿ ರುದ್ರಮ್ಮ ಓಡೋಡಿ ಬಂದಳು. ತೋಳೆಲ್ಲ ಒದ್ದೆ, ಉಸಿರು ಮೇಲೆ ಕೆಳಗೆ. ನನ್ನ ಮುಖ ನೋಡಿಯೇ ಕೆಲಸ ಕೆಟ್ಟಿದೆ ಎಂದು ತಿಳಿದುಕೊಂಡಳು.

ಆಗ ಕರಿಯಣ್ಣ ಎದ್ದು ಹಿತ್ತಲಿಗೆ ಹೋಗಿ ಹುಂಜವನ್ನು ಹೊತ್ತು ತಂದ. ಅದನ್ನು ಹೊತ್ತು ತರುವುದೇ ಒಂದು ಕೆಲಸವಾಗಿತ್ತು. ಆರು ವಾರ ಕಾಳು ತಿಂದು ಅದು ಒಂದು ಸಣ್ಣ ಕುರಿಯಷ್ಟಾಗಿ, ಅವನ ತೋಳಿನಲ್ಲಿ ಮಗುವಿನ ಹಾಗೆ ಆರಾಮಾಗಿ ಕೂತಿತ್ತು.

"ಇದನ್ನ ಮಂಗಳವಾರಕ್ಕೆ ಅಂತ ತಂದಿದ್ದೆ ಸ್ವಾಮಿ," ಎಂದ. "ಈ ಕೇರೀಗೆ ಒಂದೇ ಒಂದು ಮಂಗಳವಾರ ಬಂದಿದ್ರೂ ಇದು ಇರ್ತಿತ್ತಾ? ನನ್ ವಿಷ್ಯ ಊರಲ್ಲಿ ಯಾರನ್ನಾದ್ರೂ ಕೇಳಿ."

ಅಧಿಕಾರಿ ಕೇಳಿದರು. ಕೇರಿಯವರನ್ನು ಕೇಳಿದರು, ಪಕ್ಕದ ಬೀದಿಯವರನ್ನು ಕೇಳಿದರು, ಕೊನೆಗೆ ಪರಮೇಶಿಯ ಹಳದಿ ಅಂಗಿಯವರನ್ನೇ ಕೇಳಿದರು. ಕರಿಯಣ್ಣನ ಹಿತ್ತಲಲ್ಲಿ ಕೋಳಿ ಮಂಗಳವಾರ ದಾಟಿ ಉಳಿದದ್ದನ್ನು ಕಂಡವರು ಯಾರೂ ಇರಲಿಲ್ಲ. ಅಧಿಕಾರಿ ಹುಂಜವನ್ನು ಸ್ವಲ್ಪ ಹೊತ್ತು ನೋಡಿ, ಪರಮೇಶಿಯ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡು, ಬರೆದುಕೊಳ್ಳಿ ಗುಮಾಸ್ತರೇ ಎಂದರು. ಹನ್ನೊಂದು ವರ್ಷದ ಹಿಂದೆ ಟೈಪು ಮಾಡಿದ್ದ ಆದೇಶ ನನ್ನ ಚೀಲದಲ್ಲೇ ಇತ್ತು. ಕಾಗದ ಹಳದಿಯಾಗಿತ್ತು, ಹೆಸರು ಹಾಗೇ ಇತ್ತು. ಗೌರಜ್ಜಿಯ ಮಣೆಯ ಮೇಲಿಟ್ಟು ಕೇರಿಯ ತಾರೀಕು ಹಾಕಿದೆ. ಅಧಿಕಾರಿ ಸಹಿ ಮಾಡಿದರು. ರುದ್ರಮ್ಮ ಸಹಿ ಮಾಡುವಾಗ ಅವಳ ಕೈಯ ನೀರು ಬಿದ್ದು ಒಂದಕ್ಷರ ಕದಡಿತು. ಹೊಸದು ಬರೆಯೋಣವೇ ಎಂದೆ. ಬೇಡ ಎಂದು ಕಾಗದವನ್ನು ಎದೆಗೆ ಒತ್ತಿಕೊಂಡಳು.

ಖಾಯಂ ಮಂಜುಗಾರಳಾಗಿ ಅವಳು ಮಾಡಿದ ಮೊದಲ ಕೆಲಸ ತನ್ನ ಕೇರಿಯನ್ನು ಸುತ್ತಿದ್ದು. ಎಲ್ಲರನ್ನೂ ಎಬ್ಬಿಸಿ, ಇಳಿಜಾರಿನ ತುದಿಯಿಂದ ಹಿಡಿದು, ಒಂದು ನೂಲೂ ಹರಿಯದಂತೆ ಸುತ್ತಿ ತಂದಳು. ಕಲ್ಲುಹಾಸು ಕಾಣಿಸಿತು, ಬಿಸಿಲು ಬಿತ್ತು, ಅವಳಿಗೆ ನಲವತ್ತು ತುಂಬಿ ಮೇಲೆ ನಲವತ್ತೊಂದು ದಿನವಾಯಿತು. ಕರಿಯಣ್ಣ ಹುಂಜವನ್ನು ಹಿಡಿದುಕೊಂಡು ಆಸೆಯಿಂದ ನನ್ನ ಕಡೆ ತಿರುಗಿ ಈಗ ಯಾವ ವಾರ ಎಂದು ಕೇಳಿದ. ನಾನು ಪುಸ್ತಕ ನೋಡುವ ಅಗತ್ಯವಿರಲಿಲ್ಲ. ಸೋಮವಾರ ಕಣಪ್ಪ ಎಂದೆ. ಅವನು ಹುಂಜವನ್ನು ಮತ್ತೆ ಹಿತ್ತಲಿಗೆ ಹೊತ್ತುಕೊಂಡು ಹೋದ. ಮಾರನೆಯ ದಿನ ಮಂಗಳವಾರ ಬಂದಾಗಲೂ ಅದನ್ನು ಕುಯ್ಯಲು ಅವನಿಗೆ ಮನಸ್ಸಾಗಲಿಲ್ಲ. ಬೇರೆ ಕೋಳಿ ತಂದು ತಿಂದ.

ಪರಮೇಶಿಗೆ ಏನಾಯಿತು ಎಂದು ಕೇಳುತ್ತೀರಿ. ಒಂದು ನೋಟಿಸು ಬಂತು. ಅದಕ್ಕೆ ಉತ್ತರ ಕೊಟ್ಟ. ಉಳಿದ ಬೀದಿಗಳ ಗುತ್ತಿಗೆ ಈಗಲೂ ಅವನದೇ.

ಆ ತಿಂಗಳ ಕೊನೆಯ ದಿನ ನನ್ನ ನಿವೃತ್ತಿ. ಒಂದು ವಾರ ಮೊದಲು ನಾನು ರುದ್ರಮ್ಮನನ್ನು ಕೇಳಿದ್ದೆ, ತಮಾಷೆಗೆ ಎಂಬಂತೆ ಕೇಳಿದ್ದೆ, ಆದರೆ ಪೂರ್ತಿ ತಮಾಷೆಯಾಗಿರಲಿಲ್ಲ. ನಮ್ಮ ಬೀದಿಯನ್ನೂ ಒಂದು ನಾಲ್ಕು ದಿನ ಬಿಟ್ಟರೆ ಏನಾಗುತ್ತದೆ ರುದ್ರಮ್ಮ ಎಂದಿದ್ದೆ. ಅವಳು ಹೊಸ ಖಾಯಂ ನೌಕರಳು, ಮುಖ ಗಂಟು ಹಾಕಿಕೊಂಡು, ಅದೆಲ್ಲ ಆಗೋದಿಲ್ಲ ಸಾರ್, ಡ್ಯೂಟಿ ಡ್ಯೂಟೀನೇ ಎಂದಳು. ನನಗೆ ನಾಚಿಕೆಯಾಯಿತು. ಕೊನೆಯ ದಿನ ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ದಿನದ ಪುಸ್ತಕವನ್ನು ಮೇಜಿನ ಮೇಲಿಟ್ಟು ಬಂದೆ. ನನ್ನ ಹುದ್ದೆಯನ್ನು ತುಂಬುವಂತಿಲ್ಲ ಎಂಬ ಪತ್ರವನ್ನು ಟೈಪು ಮಾಡಿದವನೂ ನಾನೇ.

ಮಾರನೆಯ ಬೆಳಿಗ್ಗೆ ಯಾರೋ ಗೇಟು ಅಲ್ಲಾಡಿಸಿದರು. ನೋಡಿದರೆ ಪರಮೇಶಿ. ಅದೇ ನಗು. ಪುರಸಭೆ ಗುಮಾಸ್ತರ ಕೆಲಸವನ್ನೂ ತನಗೇ ಕೊಟ್ಟಿದೆ, ಪುಸ್ತಕ ಬರೆಯಲು ಅನುಭವಸ್ಥರು ಬೇಕು, ಅದೇ ಕುರ್ಚಿ, ಅದೇ ಮೇಜು, ಸಂಬಳ ಮಾತ್ರ ಮೊದಲಿನ ಮೂರನೇ ಒಂದು ಭಾಗ, ಇವತ್ತಿನಿಂದಲೇ ಬನ್ನಿ ಎಂದ. ಹಳದಿ ಅಂಗಿಯನ್ನೂ ಇಸ್ತ್ರಿ ಮಾಡಿಸಿ ತಂದಿದ್ದ.

ನಾನು ತಲೆ ತಗ್ಗಿಸಿದೆ. ಆಗ ಕಂಡಿತು. ನಮ್ಮ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕನ್ನಡಿಯಂತೆ ಸುತ್ತಿ ಒಯ್ದಿದ್ದರು. ನನ್ನ ಹೊಸ್ತಿಲ ಮುಂದೆ ಮಾತ್ರ ಒಂದು ಮಣೆಯಗಲ ಮಂಜು, ನಾಲ್ಕು ಅಂಚೂ ನೀಟಾಗಿ ಮಡಚಿ, ಹಾಗೇ ಉಳಿದಿತ್ತು. ಅಷ್ಟು ನೀಟಾಗಿ ಮಡಚುವ ಕೈ ಈ ಊರಿನಲ್ಲಿ ಒಂದೇ. ನನಗೆ ಇನ್ನೂ ನಿನ್ನೆ. ನಾನು ಇನ್ನೂ ಖಾಯಂ ಗುಮಾಸ್ತ.

ತಲೆ ಎತ್ತಿ, ಹನ್ನೊಂದು ವರ್ಷ ಬಾಯಿಪಾಠವಾಗಿದ್ದ ಮಾತನ್ನು ಪರಮೇಶಿಗೆ ಹೇಳಿದೆ.

"ನಾಳೆ ಬನ್ನಿ."